ಫೋಟೊದ ಬೆನ್ನ ಮೇಲೆ ಬರೆದದ್ದು

ಮನೆಯಲ್ಲಿರುವ ಹಳೆಯ ಫೋಟೊ, ಕಣ್ಣೆದುರೇ ಬದಲಾಗುತ್ತಿರುವ ಊರು, ಕೈಯಲ್ಲಿರುವ ಮೊಬೈಲ್ ಕ್ಯಾಮೆರಾ: ಇವುಗಳ ಬಗ್ಗೆ ಪ್ರಶ್ನೆಗಳಿದ್ದರೆ ಬರೆಯಿರಿ ಎಂದು ಓದುಗರನ್ನು ಕೇಳಿದ್ದೆವು. ಬಂದ ಕಾಗದಗಳಲ್ಲಿ ಹೆಚ್ಚಿನವು ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಸುತ್ತಲಿನ ಗಲ್ಲಿಗಳವು. ಉಳಿದವು ಕಮಲಾಪುರದ ಕಡೆಯವು. ಮನೆತನದ ಸಂಗತಿ ಎಂಬ ಕಾರಣಕ್ಕೆ ಹೆಸರು ಹಾಕಬೇಡಿ ಎಂದು ಹಲವರು ಬರೆದಿದ್ದಾರೆ. ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ. ಕೆಳಗಿನ ಉತ್ತರಗಳಲ್ಲಿ ನಾನು ಹಲವರಿಗೆ ಕೊಟ್ಟಿರುವ ‘ಹೆಸರು ಬರೆದಿಡಿ’ ಎಂಬ ಸಲಹೆ ಮಾತ್ರ ಇದಕ್ಕೆ ತದ್ವಿರುದ್ಧ!

ನಮ್ಮ ಅರಿವಿ ಅಂಗಡಿ ಸೂಪರ್ ಮಾರ್ಕೆಟ್‌ನಾಗ ಅದ. ಗಲ್ಲಾದ ಮ್ಯಾಲೆ ನಮ್ಮ ಮುತ್ಯಾನ ಫೋಟೊ ಹಾಕೀವಿ. ಮೈಮ್ಯಾಲೆ ಶೇರ್ವಾನಿ, ತಲಿಗೆ ಕುಚ್ಚಿನ ರೂಮಿ ಟೋಪಿ. ನಾವು ಲಿಂಗಾಯತರು. ಗಿರಾಕಿಗಳು ‘ಇವರ್ಯಾರ್ರೀ’ ಅಂತ ಕೇಳ್ತಾರ, ನನಗ ಹೇಳಾಕ ಬರಂಗಿಲ್ಲ. ಮೊನ್ನೆ ಬಣ್ಣ ಹಚ್ಚಾಕ ಇಳಿಸಿ ಫ್ರೇಮ್ ಬಿಚ್ಚಿದ್ರ, ಹಿಂದ ಉರ್ದುವಿನಾಗ ಏನೋ ಬರದದ. ಓಣಿಯ ಮಾಸ್ತರರು ಓದಿ, ಮೊದಲಿಂದು ಮುತ್ಯಾನ ಹೆಸರು, ಕೆಳಗಿಂದು 1351 ಅಂದ್ರು. 1351ನೇ ಇಸವಿಯಾಗ ಫೋಟೊ ಎಲ್ಲಿಂದ ಬಂತ್ರೀ?
*– ಅಂಗಡಿಕಾರರೊಬ್ಬರು, ಸೂಪರ್ ಮಾರ್ಕೆಟ್, ಕಲಬುರಗಿ*

ಅದು ಇಸವಿಯಲ್ಲ, ಫಸಲಿ. ಹೈದರಾಬಾದ್ ಸಂಸ್ಥಾನದ ಸರ್ಕಾರಿ ಕಾಗದಪತ್ರಗಳೆಲ್ಲ ಫಸಲಿ ವರ್ಷದಲ್ಲೇ ನಡೆಯುತ್ತಿದ್ದವು. ಲೆಕ್ಕ ಸರಳ: ಫಸಲಿಗೆ 590 ಕೂಡಿಸಿ. ಅಲ್ಲಿ ವರ್ಷ ಶುರುವಾಗುತ್ತಿದ್ದುದು ಅಕ್ಟೋಬರ್‌ನಲ್ಲಿ. ಆದ್ದರಿಂದ 1351 ಫಸಲಿ ಎಂದರೆ 1941ರ ಅಕ್ಟೋಬರ್‌ನಿಂದ 1942ರ ಅಕ್ಟೋಬರ್‌ವರೆಗೆ. ಆದರೂ ಮಾಸ್ತರರಿಗೆ ಇನ್ನೊಮ್ಮೆ ತೋರಿಸಿ, ಅಂಕಿಯ ಪಕ್ಕದಲ್ಲಿ ಒಂದು ಅಕ್ಷರ ಇದೆಯೇ ಕೇಳಿ. ‘ಫೇ’ ಇದ್ದರೆ ಫಸಲಿಯೇ. ‘ಹೇ’ ಇದ್ದರೆ ಹಿಜರಿ, ಆಗ ಅದೇ 1351 ಹಿಂದಕ್ಕೆ ಸರಿದು 1932–33 ಆಗುತ್ತದೆ. ಒಂದು ಅಕ್ಷರಕ್ಕೆ ಮುತ್ಯಾನ ವಯಸ್ಸಿನಲ್ಲಿ ಒಂಬತ್ತು ವರ್ಷದ ವ್ಯತ್ಯಾಸ.

ಇನ್ನು ಟೋಪಿಯ ವಿಷಯ. ಗುಲಬರ್ಗಾ ಜಿಲ್ಲೆ ನಿಜಾಮರ ರಾಜ್ಯದಲ್ಲಿದ್ದ ಕಾಲದಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದುದೂ ಉರ್ದುವಿನಲ್ಲಿ. ಕಚೇರಿ, ಶಾಲೆ, ಕೋರ್ಟು ಎಂದು ಓಡಾಡುವವರಿಗೆ ಶೇರ್ವಾನಿ, ರೂಮಿ ಟೋಪಿ ಮರ್ಯಾದೆಯ ಉಡುಪು. ಅದಕ್ಕೆ ಜಾತಿ ಧರ್ಮದ ಕಟ್ಟು ಇರಲಿಲ್ಲ. ಬ್ರಾಹ್ಮಣ, ಕಾಯಸ್ಥ, ಲಿಂಗಾಯತ ಎಲ್ಲರೂ ತೊಟ್ಟು ಫೋಟೊಕ್ಕೆ ನಿಂತಿದ್ದಾರೆ. ಹೈದರಾಬಾದ್ ಸಂಸ್ಥಾನ ಭಾರತದ ವಶವಾದ 1948ರ ಸೆಪ್ಟೆಂಬರ್ 17ರ ನಂತರ ಈ ಟೋಪಿ ನಮ್ಮ ಫೋಟೊಗಳಿಂದ ಬಹುಬೇಗ ಮಾಯವಾಗಿ, ಅದರ ಜಾಗಕ್ಕೆ ಗಾಂಧಿ ಟೋಪಿ ಬಂತು. ಕೆಲವು ಮನೆಗಳಲ್ಲಿ ಟೋಪಿಯ ಜೊತೆಗೆ ಫೋಟೊವನ್ನೂ ಟ್ರಂಕಿನ ತಳಕ್ಕೆ ಹಾಕಿದರು. ನಿಮ್ಮ ಮನೆಯವರು ಗಲ್ಲಾದ ಮೇಲೆಯೇ ಇಟ್ಟುಕೊಂಡರು, ಅದು ದೊಡ್ಡ ಮಾತು. ಇನ್ನು ಮುಂದೆ ಗಿರಾಕಿ ಕೇಳಿದರೆ ‘ಇವರು ನಮ್ಮ ಮುತ್ಯಾ, ನಿಜಾಮರ ಕಾಲದಾಗ ಹಿಂಗ ಉಡ್ತಿದ್ರು’ ಎಂದು ಗಟ್ಟಿಯಾಗಿ ಹೇಳಿ.

ಈಗ ಕೆಲಸಕ್ಕೆ ಬರೋಣ. ಫೋಟೊವನ್ನು ಮತ್ತೆ ಫ್ರೇಮಿಗೆ ಹಾಕುವ ಮುನ್ನ ಮುಂದಿನ ಬದಿಯಷ್ಟೇ ಶ್ರದ್ಧೆಯಿಂದ ಹಿಂಬದಿಯ ಚಿತ್ರವನ್ನೂ ತೆಗೆಯಿರಿ. ಕಾರ್ಡಿನ ಮೂಲೆಯನ್ನು ಓರೆ ಬೆಳಕಿನಲ್ಲಿ ಹಿಡಿದು ನೋಡಿ. ಸ್ಟುಡಿಯೋದ ಹೆಸರನ್ನು ಶಾಯಿಯಿಲ್ಲದೆ ಒತ್ತಿರುತ್ತಾರೆ, ನೇರ ಬೆಳಕಿನಲ್ಲಿ ಅದು ಕಾಣುವುದೇ ಇಲ್ಲ. ಹಿಂಬದಿಯಲ್ಲಿ ನಡುವೆ ಗೆರೆ ಎಳೆದು ವಿಳಾಸಕ್ಕೆ ಜಾಗ ಬಿಟ್ಟಿದ್ದರೆ ಅದು ಅಂಚೆ ಕಾರ್ಡಿನ ಅಳತೆಯ ಫೋಟೊ ಕಾಗದ. ಆಗ ನೆಂಟರಿಗೆ ಕಳಿಸಲು ಹಾಗೆ ಮುದ್ರಿಸುತ್ತಿದ್ದರು. ಅಂದರೆ ಇದರ ಇನ್ನೊಂದು ಪ್ರತಿ ಯಾವುದೋ ನೆಂಟರ ಮನೆಯಲ್ಲಿ ಇದ್ದೀತು, ವಿಚಾರಿಸಿ.

ನಿಮ್ಮ ಕಾಗದದಲ್ಲಿ ನನಗೆ ಬಹಳ ಸಂತೋಷ ಕೊಟ್ಟದ್ದು ಯಾರೋ ಹೆಸರು ಬರೆದಿಟ್ಟಿದ್ದಾರೆ ಎಂಬುದು. ನಮ್ಮ ಜಿಲ್ಲೆಯಲ್ಲೇ ಇದಕ್ಕೊಂದು ದೊಡ್ಡ ಸಾಕ್ಷಿ ಇದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ, ಭೀಮಾ ದಂಡೆಯ ಸ್ತೂಪವನ್ನು 1990ರ ದಶಕದಲ್ಲಿ ಅಗೆದಾಗ ರಾಜನೊಬ್ಬ ರಾಣಿಯೊಂದಿಗೆ ನಿಂತ ಶಿಲ್ಪ ಸಿಕ್ಕಿತು. ದೇಶದ ಎಷ್ಟೋ ಸ್ತೂಪಗಳಲ್ಲಿ ಅಂಥ ರಾಜರ ಶಿಲ್ಪಗಳಿವೆ; ಯಾರು ಎಂದು ವಿದ್ವಾಂಸರು ಊಹಿಸುತ್ತ ಕೂತಿದ್ದಾರೆ. ಇಲ್ಲಿ ಮಾತ್ರ ಶಿಲ್ಪಿ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’ (ರಾಜ ಅಶೋಕ) ಎಂದು ಕೆತ್ತಿಬಿಟ್ಟ. ಆ ಅಕ್ಷರಗಳು ಇರದಿದ್ದರೆ ಅದು ಯಾವನೋ ಒಬ್ಬ ರಾಜ, ಅಷ್ಟೇ. ನಿಮ್ಮ ಮುತ್ಯಾನ ಫೋಟೊದ ಬೆನ್ನ ಮೇಲಿರುವುದೂ ಅಂಥದೇ ಶಾಸನ. ಅದರ ಪಕ್ಕದಲ್ಲಿ, ಮೆತ್ತನೆಯ ಸೀಸದ ಕಡ್ಡಿಯಿಂದ (ಬಾಲ್‌ಪೆನ್ ಬೇಡ, ಅದರ ಒತ್ತು ಮುಂದಿನ ಬದಿಗೆ ಉಬ್ಬುತ್ತದೆ), ಅದನ್ನೇ ಕನ್ನಡದಲ್ಲಿ ಬರೆಯಿರಿ. ಓದಿ ಹೇಳಿದ ಮಾಸ್ತರರ ಹೆಸರನ್ನೂ ಸೇರಿಸಿ.

ನಮ್ಮ ಆಯಿಯ ಫೋಟೊ ಅಂತ ಮನೆಯಲ್ಲಿರುವುದು ಒಂದೇ. ಅದು ಆಕೆ ತೀರಿಕೊಂಡ ದಿನ ತೆಗೆಸಿದ್ದು. ಕೂರಿಸಿ, ವಿಭೂತಿ ಹಚ್ಚಿ, ಮಾಲೆ ಹಾಕಿ, ಸುತ್ತ ಮನೆಮಂದಿಯೆಲ್ಲ ನಿಂತಿದ್ದಾರೆ. ಕುಟುಂಬದ ಇತಿಹಾಸ ಅಂತ ಒಂದು ಆಲ್ಬಮ್ ಮಾಡುತ್ತಿದ್ದೇನೆ. ಇದನ್ನು ಹಾಕಬೇಡ, ಅಪಶಕುನ, ಮಕ್ಕಳು ಹೆದರುತ್ತಾರೆ ಎಂದು ಬೆಂಗಳೂರಿನಲ್ಲಿರುವ ನನ್ನ ತಮ್ಮ ಹೇಳುತ್ತಾನೆ. ಬೇಕಾದರೆ ಮೊಬೈಲ್ ಆ್ಯಪ್‌ನಲ್ಲಿ ಕಣ್ಣು ತೆರೆಸಿ, ಬಣ್ಣ ತುಂಬಿ ಹಾಕೋಣ ಎನ್ನುತ್ತಾನೆ. ಏನು ಮಾಡಲಿ?
*– ಶಿಕ್ಷಕಿ, ಕಮಲಾಪುರ ತಾಲ್ಲೂಕು*

ಹಾಕಿ, ಅಮ್ಮ. ಯಾಕೆ ಹಾಕಬೇಕು ಎಂದು ತಮ್ಮನಿಗೆ ಹೇಳಲು ನಾಲ್ಕು ಮಾತು ಕೊಡುತ್ತೇನೆ.

ನಮ್ಮ ಭಾಗದ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಕೂರಿಸಿ, ರಾತ್ರಿಯಿಡೀ ಭಜನೆ ಮಾಡಿ, ವಿಮಾನ ಕಟ್ಟಿ, ಕೂತ ಭಂಗಿಯಲ್ಲೇ ಸಮಾಧಿ ಮಾಡುತ್ತಾರೆ. ಕೂತವರ ಫೋಟೊ ತೆಗೆಯುವುದು ಸುಲಭ, ಸಹಜ. ಜೊತೆಗೆ ಅಂದೇ ನೆಂಟರಿಷ್ಟರೆಲ್ಲ ಸೇರಿರುತ್ತಿದ್ದರು. ಆಗ ಕ್ಯಾಮೆರಾ ಇದ್ದದ್ದು ಪೇಟೆಯಲ್ಲಿ. ಫೋಟೊ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಅಂಜಿಕೆ ಬೇರೆ. ಗಂಡಸರು ಕೋರ್ಟು ಕಚೇರಿ ಎಂದು ಪೇಟೆಗೆ ಹೋದಾಗ ಒಂದು ಫೋಟೊ ಹೊಡೆಸಿಕೊಂಡು ಬರುತ್ತಿದ್ದರು. ಹೆಂಗಸರಿಗೆ ಆ ನೆಪ ಇರಲಿಲ್ಲ. ಹಾಗಾಗಿ ಪೇಟೆಯಿಂದ ಫೋಟೊಗ್ರಾಫರನನ್ನು ಕರೆಸಿ, ಹಣ ಕೊಟ್ಟು, ಆಕೆಯೊಬ್ಬಳಿಗಾಗಿಯೇ ತೆಗೆಸಿದ ಮೊದಲ ಚಿತ್ರವೂ ಕಡೆಯ ಚಿತ್ರವೂ ಇದೇ ಆಯಿತು. ನಮ್ಮಲ್ಲಿ ಮಾತ್ರ ಹೀಗೆ ಎಂದೂ ಅಲ್ಲ. ಹತ್ತೊಂಬತ್ತನೇ ಶತಮಾನದ ಯುರೋಪು, ಅಮೆರಿಕದಲ್ಲಿ ತೀರಿಕೊಂಡ ಮಕ್ಕಳನ್ನು ತಾಯಂದಿರ ತೊಡೆಯ ಮೇಲೆ ಮಲಗಿಸಿ ಚಿತ್ರ ತೆಗೆಸುವ ರೂಢಿ ವ್ಯಾಪಕವಾಗಿತ್ತು.

ಕಣ್ಣು ತೆರೆಸುವ ಉಪಾಯವೂ ಹೊಸದಲ್ಲ. ಹಿಂದೆ ಸ್ಟುಡಿಯೋದ ಕಲಾವಿದರು ಸಣ್ಣ ಕುಂಚ ಹಿಡಿದು, ಮುಚ್ಚಿದ ರೆಪ್ಪೆಯ ಮೇಲೆಯೇ ಕಣ್ಣು ಬರೆದುಕೊಡುತ್ತಿದ್ದರು. ನಮ್ಮ ಮನೆಗಳ ಗೋಡೆಯ ಮೇಲೆ ನೆಟ್ಟ ನೋಟದ, ಗೊಂಬೆಗಣ್ಣಿನ ಹಿರಿಯರು ಇದ್ದರೆ ಅನುಮಾನಿಸಿ, ಅದು ಕುಂಚದ ಕೆಲಸ ಇರಬಹುದು. ಆದರೆ ಆ ಕಲಾವಿದ ಮನೆಯವರನ್ನು ಕೇಳುತ್ತಿದ್ದ: ಕಣ್ಣು ಯಾರ ಹಾಗಿತ್ತು, ಮಗಳ ಹಾಗೋ ತಂಗಿಯ ಹಾಗೋ ಎಂದು. ಮೊಬೈಲ್ ಆ್ಯಪ್ ಯಾರನ್ನೂ ಕೇಳುವುದಿಲ್ಲ. ಅದು ಲಕ್ಷಾಂತರ ಅಪರಿಚಿತರ ಮುಖಗಳಿಂದ ಒಂದು ಕಣ್ಣು ಕೊಡುತ್ತದೆ. ಇಪ್ಪತ್ತು ವರ್ಷ ಕಳೆದರೆ ನಿಮ್ಮ ಮೊಮ್ಮಕ್ಕಳು ಆಯಿ ಅಂದರೆ ಆ ಮುಖವೇ ಎಂದು ನಂಬುತ್ತಾರೆ. ತಮ್ಮನಿಗೆ ಆಸೆಯಿದ್ದರೆ ಒಂದು ಪ್ರತಿ ಮಾಡಿಕೊಳ್ಳಲಿ, ಅದರ ಹಿಂದೆ ‘ಆ್ಯಪ್‌ನಲ್ಲಿ ಮಾಡಿದ್ದು’ ಎಂದು ಬರೆಯಲಿ. ಮೂಲ ಹಾಗೆಯೇ ಇರಲಿ.

ಇನ್ನೊಂದು ಮಾತು. ಆಯಿಯನ್ನು ನೋಡುವ ಭರದಲ್ಲಿ ಸುತ್ತ ನಿಂತವರನ್ನು ಮರೆಯಬೇಡಿ. ಅಷ್ಟು ದೊಡ್ಡ ಬಳಗ ಒಂದೇ ಚೌಕಟ್ಟಿನಲ್ಲಿ ಮತ್ತೆಂದಾದರೂ ಸೇರಿತ್ತೇ? ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಮೇಲೆ ಟ್ರೇಸಿಂಗ್ ಹಾಳೆ ಇಟ್ಟು, ಒಂದೊಂದು ತಲೆಗೂ ಅಂಕಿ ಕೊಡಿ. ಊರಿನ ಹಿರಿಯ ಹೆಂಗಸರ ನಡುವೆ ಅದನ್ನು ಇಟ್ಟು ಕೂರಿ. ಗಂಡಸರು ಹೆಸರು, ಗದ್ದೆ, ಸರ್ವೆ ನಂಬರ್ ಹೇಳುತ್ತಾರೆ. ಹೆಂಗಸರು ‘ಈಕಿ ಆಗ ಬಸುರಿ, ಆ ಸೀರಿ ತವರಿಂದು, ಈತ ಮಾತಾಡೂದ ಬಿಟ್ಟಿದ್ದ, ಆದ್ರೂ ಬಂದಾನ ನೋಡು’ ಎನ್ನುತ್ತಾರೆ. ಬರೆದುಕೊಳ್ಳಿ. ಮೊಬೈಲ್‌ನಲ್ಲಿ ದನಿ ಮುದ್ರಿಸಿಕೊಂಡರೆ ಇನ್ನೂ ಒಳ್ಳೆಯದು.

ಮಕ್ಕಳು ಹೆದರುವ ಮಾತು: ಆಲ್ಬಮ್‌ನ ಮೊದಲ ಪುಟದಲ್ಲಿ ಹಾಕದೆ ನಡುವೆ ಹಾಕಿ, ಸಾಕು.

ತಂದೆತಾಯಿಯ ಮದುವೆ ಫೋಟೊ ಗಾಜಿಗೆ ಅಂಟಿಕೊಂಡಿದೆ. ಎಳೆದರೆ ಹರಿಯುತ್ತದೆ. 1980ರ ದಶಕದ ಬಣ್ಣದ ಫೋಟೊಗಳೆಲ್ಲ ಕೆಂಪಾಗಿವೆ. ಅಂಟು ಹಾಳೆಯ ಆಲ್ಬಮ್‌ನಿಂದ ಫೋಟೊ ಬಿಡುವುದೇ ಇಲ್ಲ. ಉಪಾಯ ಹೇಳಿ.
*– ಗೃಹಿಣಿ, ಕಲಬುರಗಿ*

ಗಾಜಿಗೆ ಅಂಟಿದ್ದನ್ನು ಎಳೆಯಬೇಡಿ, ನೀರು ಹಾಕಬೇಡಿ. ಮಳೆಗಾಲದ ತೇವಕ್ಕೆ ಫೋಟೊದ ಮೇಲಿನ ಜಿಲೆಟಿನ್ ಮೆತ್ತಗಾಗಿ ಗಾಜನ್ನು ಹಿಡಿದಿದೆ. ಈಗ ಗಾಜು, ಫೋಟೊ ಒಂದೇ ವಸ್ತು. ಗಾಜಿನ ಹೊರಬದಿ ಒರೆಸಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಸ್ಕ್ಯಾನರ್ ಇಲ್ಲದಿದ್ದರೆ ಕಿಟಕಿಯ ಪಕ್ಕ, ಬಿಸಿಲು ನೇರ ಬೀಳದ ಕಡೆ ಇಟ್ಟು, ಫ್ಲ್ಯಾಶ್ ಆರಿಸಿ, ನಿಮ್ಮ ಬೆನ್ನ ಹಿಂದೆ ಕರಿ ಬಟ್ಟೆ ಕಟ್ಟಿ ಮೊಬೈಲ್‌ನಲ್ಲಿ ತೆಗೆಯಿರಿ. ಬಟ್ಟೆಯಿಂದ ನಿಮ್ಮ ಹಿಂದಿನ ಬೆಳಕು ಗಾಜಿನಲ್ಲಿ ಮೂಡುವುದು ತಪ್ಪುತ್ತದೆ.

ಕೆಂಪಾಗಿದ್ದು ನಿಮ್ಮ ತಪ್ಪಲ್ಲ. ಆ ಕಾಲದ ಬಣ್ಣದ ಕಾಗದದಲ್ಲಿ ನೀಲಿ-ಹಸಿರು ಬಣ್ಣದ ಪದರ ಕತ್ತಲಲ್ಲಿ ಇಟ್ಟರೂ ಕರಗುತ್ತದೆ, ನಮ್ಮ ಬೇಸಿಗೆಯ ಸೆಕೆಗೆ ಇನ್ನೂ ಬೇಗ. ಸ್ಕ್ಯಾನ್ ಮಾಡಿದ ಮೇಲೆ ಕಂಪ್ಯೂಟರ್‌ನಲ್ಲಿ ಬಣ್ಣ ಸರಿದೂಗಿಸಬಹುದು. ಮೊದಲು ನೆಗೆಟಿವ್ ಉಳಿದಿದೆಯೇ ಹುಡುಕಿ; ಇದ್ದರೆ ಅದನ್ನು ಬಿಟ್ಟು ಪ್ರಿಂಟ್ ಸ್ಕ್ಯಾನ್ ಮಾಡುವುದು ದಂಡ. ಅಂಟು ಹಾಳೆಯ ಆಲ್ಬಮ್ ಅತ್ಯಂತ ಕೆಟ್ಟ ಸಂಶೋಧನೆ. ತೆಳುವಾದ ಗಟ್ಟಿ ನೂಲನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಫೋಟೊದ ಅಡಿಯಲ್ಲಿ ಮೆಲ್ಲಗೆ ಆಡಿಸಿ. ಮೂಲೆಯೇ ಏಳದಿದ್ದರೆ ಅಲ್ಲಿಗೇ ನಿಲ್ಲಿಸಿ, ಪುಟದ ಮೇಲೇ ಚಿತ್ರ ತೆಗೆದುಕೊಳ್ಳಿ. ಸ್ಕ್ಯಾನ್ ಮಾಡಿಸುವಾಗ ಪಾಸ್‌ಪೋರ್ಟ್ ಅಳತೆಯದಕ್ಕೆ 1200 ಡಿಪಿಐ, ಅಂಚೆ ಕಾರ್ಡಿನಷ್ಟು ದೊಡ್ಡದಕ್ಕೆ 600 ಸಾಕು. ಅಂಗಡಿಯವರು 200ರಲ್ಲಿ ಮುಗಿಸಿ ಕೈತೊಳೆದುಕೊಳ್ಳುತ್ತಾರೆ, ನಿಂತು ಹೇಳಿ ಮಾಡಿಸಿ.

ಸೂಪರ್ ಮಾರ್ಕೆಟ್ ಹತ್ತಿರದ ಗಲ್ಲಿಯಲ್ಲಿ ನಮ್ಮ ತಂದೆಯವರ ಫೋಟೊ ಸ್ಟುಡಿಯೋ ಇತ್ತು. ಅವರು ತೀರಿಕೊಂಡ ಮೇಲೆ ಮುಚ್ಚಿದೆವು. ಅಟ್ಟದ ಮೇಲೆ ನೆಗೆಟಿವ್ ತುಂಬಿದ ರಟ್ಟಿನ ಡಬ್ಬಗಳು, ಕೆಲವು ಗಾಜಿನ ಪ್ಲೇಟ್‌ಗಳು, ಹಳೆಯ ಆರ್ಡರ್ ಪುಸ್ತಕಗಳು ಇವೆ. ಗುಜರಿಯವರು ಕಿಲೋ ಲೆಕ್ಕದಲ್ಲಿ ಕೇಳುತ್ತಿದ್ದಾರೆ. ಜಾಗ ಖಾಲಿ ಮಾಡಬೇಕಾಗಿದೆ. ಇವನ್ನು ಇಂಟರ್‌ನೆಟ್‌ನಲ್ಲಿ ಹಾಕಬಹುದೇ?
*– ಫೋಟೊಗ್ರಾಫರರೊಬ್ಬರ ಮಗ, ಕಲಬುರಗಿ*

ಗುಜರಿಯವರು ಕೇಳುತ್ತಿರುವುದು ಚಿತ್ರಕ್ಕಲ್ಲ, ಬೆಳ್ಳಿಗೆ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರ ಮೂಡುವುದೇ ಬೆಳ್ಳಿಯ ಕಣಗಳಿಂದ. ಫಿಲ್ಮ್ ತೊಳೆದು ಬೆಳ್ಳಿ ತೆಗೆಯುವ ದಂಧೆಯಲ್ಲಿ ದೇಶದ ಎಷ್ಟೋ ಸ್ಟುಡಿಯೋಗಳ ಕಪಾಟುಗಳು ಖಾಲಿಯಾಗಿವೆ. ದಯವಿಟ್ಟು ಕೊಡಬೇಡಿ.

ಅಟ್ಟ ಮಾತ್ರ ಬೇಡ. ನಮ್ಮ ಊರಿನ ಏಪ್ರಿಲ್–ಮೇ ಬಿಸಿಲಿಗೆ ತಗಡಿನ ಕೆಳಗಿನ ಅಟ್ಟ ಕುಲುಮೆ. ಕೆಳಗಿನ ಕೋಣೆಯ ಒಳಗೋಡೆಯ ಪಕ್ಕದ ಕಪಾಟಿಗೆ ತನ್ನಿ. ಡಬ್ಬ ತೆರೆದಾಗ ಹುಳಿ ವಾಸನೆ ಬಂದರೆ ಆ ಫಿಲ್ಮ್ ಕೊಳೆಯಲು ಶುರುವಾಗಿದೆ ಎಂದರ್ಥ. ಅದನ್ನು ಉಳಿದವುಗಳಿಂದ ಬೇರೆ ಇಡಿ, ಮೊದಲು ಅದನ್ನೇ ಸ್ಕ್ಯಾನ್ ಮಾಡಿ. ಗಾಜಿನ ಪ್ಲೇಟ್‌ಗಳನ್ನು ಒಂದರ ಮೇಲೊಂದು ಮಲಗಿಸಬೇಡಿ, ಉದ್ದ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಬಿಳಿ ಕಾಗದ ಇಡಿ. ಸುದ್ದಿಪತ್ರಿಕೆ ಬೇಡ, ಅದರ ಹುಳಿ ಚಿತ್ರಕ್ಕೂ ಹತ್ತುತ್ತದೆ.

ನೀವು ಕಡೆಯಲ್ಲಿ ಬರೆದ ಆರ್ಡರ್ ಪುಸ್ತಕಗಳೇ ಎಲ್ಲಕ್ಕಿಂತ ಬೆಲೆಯುಳ್ಳವು. ತಾರೀಖು, ಗಿರಾಕಿಯ ಹೆಸರು, ಊರು, ಎಷ್ಟು ಪ್ರತಿ, ಎಷ್ಟು ಮುಂಗಡ ಎಂಬ ವಿವರ ಇದ್ದರೆ ನೆಗೆಟಿವ್‌ನ ಮುಖಕ್ಕೆ ಹೆಸರು ಸಿಗುತ್ತದೆ. ಮೊದಲು ಆ ಪುಸ್ತಕಗಳ ಪ್ರತಿ ಪುಟದ ಚಿತ್ರ ತೆಗೆಯಿರಿ. ಒಂದು ವಾರದ ಕೆಲಸ. ನೆಗೆಟಿವ್‌ಗಳನ್ನು ಆಮೇಲೆ ವರ್ಷಗಟ್ಟಲೆ ಮಾಡಬಹುದು.

ಇಂಥ ಕೆಲಸ ಬೇರೆ ಕಡೆ ನಡೆದಿದೆ. ಮಧ್ಯಪ್ರದೇಶದ ನಾಗ್ದಾ ಎಂಬ ಕಾರ್ಖಾನೆ ಊರಿನಲ್ಲಿ ಸುರೇಶ್ ಪಂಜಾಬಿ ಅವರ ಸ್ಟುಡಿಯೋ ಸುಹಾಗ್‌ನ ನೆಗೆಟಿವ್‌ಗಳನ್ನು ಮಾನವಶಾಸ್ತ್ರಜ್ಞ ಕ್ರಿಸ್ಟೋಫರ್ ಪಿನ್ನಿ ಅಭ್ಯಾಸ ಮಾಡಿದರು; ಚೆನ್ನೈನ ತಾರಾ ಬುಕ್ಸ್‌ನಿಂದ 2013ರಲ್ಲಿ ಪುಸ್ತಕವೇ ಬಂತು. ತಮಿಳುನಾಡಿನಲ್ಲಿ ಹಳೆಯ ಸ್ಟುಡಿಯೋಗಳ ಸಂಗ್ರಹವನ್ನು ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ಬ್ರಿಟಿಷ್ ಲೈಬ್ರರಿಯ ನೆರವಿನಿಂದ ಡಿಜಿಟಲ್ ಮಾಡಿದ್ದಾರೆ. ಬೆಂಗಳೂರಿನಲ್ಲಿ 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯ, ಅಂದರೆ ‘ಮ್ಯಾಪ್’, ಇದೆ; ಅಲ್ಲಿಗೆ ಬರೆಯಬಹುದು. ಕಲಬುರಗಿಯ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳಿಗೂ ಒಂದು ಪತ್ರ ಬರೆಯಿರಿ. ನನ್ನ ಅಭಿಪ್ರಾಯ ಕೇಳಿದರೆ, ಊರಿನ ಮುಖಗಳು ಊರಲ್ಲೇ ಉಳಿಯುವುದು ಲೇಸು. ಪ್ರತಿ ಎಲ್ಲಿಗೆ ಬೇಕಾದರೂ ಹೋಗಲಿ.

ಇಂಟರ್‌ನೆಟ್ ವಿಷಯದಲ್ಲಿ ನಿಧಾನ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರ ತೆಗೆಸಿಕೊಂಡವನೇ ಹೊರತು ತೆಗೆದವನಲ್ಲ. ಕಾನೂನು ಹಾಗಿರಲಿ, ಯಾರದೋ ಮನೆಯ ಮದುಮಗಳ ಚಿತ್ರವನ್ನು ಕೇಳದೆ ಊರಿಗೆಲ್ಲ ತೋರಿಸುವುದು ನಿಮ್ಮ ತಂದೆಯವರು ನಡೆಸಿಕೊಂಡು ಬಂದ ಅಂಗಡಿಯ ಮರ್ಯಾದೆಗೆ ಸಲ್ಲದು. ಪುಸ್ತಕದಲ್ಲಿ ಹೆಸರಿದ್ದವರ ಮನೆ ಹುಡುಕಿ, ಒಂದು ಪ್ರಿಂಟ್ ಕೊಟ್ಟು ಕೇಳಿ. ಗಲ್ಲಿಯಲ್ಲಿ ಮಾತು ಹರಡಿದರೆ ಅವರೇ ನಿಮ್ಮಲ್ಲಿಗೆ ಬರುತ್ತಾರೆ.

ನಾನು ಕಾಲೇಜ್ ಹುಡುಗ. ಸೂಪರ್ ಮಾರ್ಕೆಟ್‌ನಾಗ ಮೊಬೈಲ್ ಹಿಡಕೊಂಡು ಫೋಟೊ ತಗೀತೀನಿ. ಕಾಯಿಪಲ್ಯ ಮಾರೋ ಅವ್ವಾರು ಬೈತಾರ. ಬ್ಲಾಕ್ ಅಂಡ್ ವೈಟ್ ಮಾಡಿ ಹಾಕಿದ್ರ ಲೈಕ್ ಭಾಳ ಬರ್ತಾವ. ಇದು ಪರಂಪರೆ ಆಗ್ತದೇನ್ರಿ ಸರ್?
*– ವಿದ್ಯಾರ್ಥಿ, ಕಲಬುರಗಿ*

ಬೈಯುವುದರಲ್ಲಿ ತಪ್ಪೇನಿದೆ? ಬಿಸಿಲಲ್ಲಿ ಕೂತು ಪುಂಡಿಪಲ್ಯ ಮಾರುತ್ತಿರುವವಳ ಮುಖಕ್ಕೆ ಮೊಬೈಲ್ ಹಿಡಿದು, ‘ಬಡತನ’ ಎಂದು ಹೆಸರಿಟ್ಟು ಹಾಕುವವರು ಬಹಳ ಜನ. ಕಪ್ಪು-ಬಿಳುಪು ಮಾಡಿದ ಮಾತ್ರಕ್ಕೆ ಇವತ್ತಿನದು ಹಳೆಯದಾಗುವುದಿಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ಬಣ್ಣವೇ ಮಾಹಿತಿ. ಯಾವ ಸೊಪ್ಪು, ಯಾವ ಇಳಕಲ್ ಸೀರೆ, ಯಾವ ಬಳೆ ಎಂಬುದು ಬಣ್ಣದಿಂದಲೇ ತಿಳಿಯುವುದು.

ಕ್ಯಾಮೆರಾ ತೆಗೆಯುವ ಮುನ್ನ ಒಂದು ಸಿವುಡು ಮೆಂತ್ಯೆ ಕೊಳ್ಳು. ಮಾತಾಡಿಸು: ಯಾವೂರು, ಎಷ್ಟು ಗಂಟೆಗೆ ಬಸ್ಸು ಹಿಡೀತೀರಿ, ಈ ಜಾಗ ಯಾರು ಕೊಟ್ಟರು. ಬೇಡ ಅಂದರೆ ಬಿಡು. ಹೂಂ ಅಂದರೆ ತೆಗೆದು, ಮುಂದಿನ ವಾರ ಪ್ರಿಂಟ್ ಹಾಕಿಸಿ ಒಯ್ದು ಕೊಡು. ಪ್ರಿಂಟ್ ಕೈಗೆ ಬಂದ ಮೇಲೆ ಅದೇ ಅವ್ವ ಪಕ್ಕದವರನ್ನೂ ಕರೆದು ‘ಇಕಿದೂ ತಗಿ’ ಎನ್ನುತ್ತಾಳೆ.

ಏನು ತೆಗೆಯಬೇಕು ಎಂದು ತಿಳಿಯದಿದ್ದರೆ ಎಳ್ಳಮಾವಾಸ್ಯೆಯ ಹಿಂದಿನ ದಿನ ಹೋಗು. ಭಜ್ಜಿಗೆ ಬೇಕಾದ ಹಸಿ ಕಡಲೆ, ಅವರೆ, ತೊಗರಿಕಾಯಿ, ಬದನೆ, ಗಜ್ಜರಿ, ಮೆಂತ್ಯೆ, ಈರುಳ್ಳಿ ತಪ್ಪಲು ಎಲ್ಲ ಅಂದು ಒಟ್ಟಿಗೆ ಬರುತ್ತವೆ. ಒಂದು ಚೀಲವನ್ನು ಹಿಂಬಾಲಿಸು, ಅವರ ಒಪ್ಪಿಗೆ ಪಡೆದು. ಮಾರುಕಟ್ಟೆಯಿಂದ ಮನೆಗೆ, ರಾತ್ರಿ ಹೆಂಗಸರು ಕೂತು ಕಾಯಿ ಬಿಡಿಸುವಲ್ಲಿಗೆ, ಮರುದಿನ ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಹೊತ್ತು ಹೊಲಕ್ಕೆ, ಹೊಲದಲ್ಲಿ ಚರಗ ಚೆಲ್ಲುವಲ್ಲಿಗೆ. ಒಂದೇ ಮನೆ, ಎರಡೇ ದಿನ. ನೂರು ಮಂದಿ ಅಪರಿಚಿತರ ಮುಖಕ್ಕಿಂತ ಇದು ಹೆಚ್ಚು. ಪ್ರತಿ ಚಿತ್ರದ ಜೊತೆ ಮನೆಯವರ ಹೆಸರು, ಊರು, ಹೊಲದ ಹೆಸರು ಬರೆದಿಡು. ನಮ್ಮಲ್ಲಿ ಪ್ರತಿ ಹೊಲಕ್ಕೂ ಒಂದು ಹೆಸರು ಇರುತ್ತದೆ, ಸರ್ವೆ ನಂಬರ್ ಬಂದ ಮೇಲೆ ಅದನ್ನು ಯಾರೂ ಬರೆಯುತ್ತಿಲ್ಲ.

ನಮ್ಮದು ಕಮಲಾಪುರ. ಮೂರು ತಲೆಮಾರಿನಿಂದ ಕೆಂಪು ಬಾಳೆ ಬೆಳೆಯುತ್ತಿದ್ದೇವೆ. ಮಕ್ಕಳು ಮುಂದುವರಿಸುವ ಹಾಗಿಲ್ಲ. ಹೋಗುವುದರೊಳಗೆ ಫೋಟೊದಲ್ಲಾದರೂ ಇರಲಿ ಎಂದು ಆಸೆ. ಗೊನೆ ಹಿಡಿದು ನಿಂತ ಫೋಟೊ ಬಿಟ್ಟು ಬೇರೇನು ತೆಗೆಸಬಹುದು?
*– ರೈತರು, ಕಮಲಾಪುರ*

ಗೊನೆ ಹಿಡಿದ ಫೋಟೊ ಪೇಪರಿನವರು ತೆಗೆದಾಗಿದೆ, ಜಿಐ ಮಾನ್ಯತೆ ಸಿಕ್ಕಾಗಲೂ ಅದೇ ಬಂತು. ನಿಮ್ಮಲ್ಲಿ ಇರುವುದು ಕಾಲ. ಮಾಮೂಲಿ ಬಾಳೆ ಒಂದು ವರ್ಷಕ್ಕೆ ಬಂದರೆ ನಿಮ್ಮ ಕೆಂಪು ಬಾಳೆಗೆ ಒಂದೂವರೆ ವರ್ಷದಷ್ಟು ಬೇಕು. ಬಾಳೆ ಕೈಬಿಟ್ಟುಹೋಗುತ್ತಿರುವ ಕಾರಣವೂ ಅದರಲ್ಲೇ ಅರ್ಧ ಇದೆ, ಫೋಟೊ ಕಥೆಯೂ ಅದರಲ್ಲೇ ಇದೆ. ತೋಟದಲ್ಲಿ ಒಂದು ಗಿಡ ಆರಿಸಿ. ಕಂದು ನೆಟ್ಟ ದಿನ ಅದರ ಪಕ್ಕ ಮನೆಯವರೊಬ್ಬರನ್ನು ನಿಲ್ಲಿಸಿ ಚಿತ್ರ ತೆಗೆಯಿರಿ. ಪ್ರತಿ ಅಮಾವಾಸ್ಯೆಗೆ ಅದೇ ಜಾಗದಿಂದ, ಅದೇ ವ್ಯಕ್ತಿ, ಅದೇ ಗಿಡ. ಮೊಣಕಾಲೆತ್ತರದ ಗಿಡ ತಲೆಯ ಮೇಲೆ ಹೋಗುವುದು, ಗೊನೆ ಹಾಕುವುದು, ಆಸರೆಗೆ ಕೋಲು ಕೊಡುವುದು, ಕಡಿಯುವುದು ಎಲ್ಲ ಸಾಲಾಗಿ ಬರುತ್ತದೆ.

ಕೈಗಳನ್ನು ತೆಗೆಯಿರಿ. ಗೊನೆ ಬಲಿತಿದೆಯೋ ಇಲ್ಲವೋ ಎಂದು ನೀವು ಹೇಗೆ ಒತ್ತಿ ನೋಡುತ್ತೀರಿ, ಯಾವ ಕಂದು ಉಳಿಸಿ ಯಾವುದನ್ನು ತೆಗೆಯುತ್ತೀರಿ, ಕುಡುಗೋಲು ಹೇಗೆ ಹಿಡಿಯುತ್ತೀರಿ. ಇದಕ್ಕೆ ಫೋಟೊಕ್ಕಿಂತ ಒಂದು ನಿಮಿಷದ ವಿಡಿಯೊ ಒಳ್ಳೆಯದು, ನೀವೇ ಮಾತಾಡುತ್ತ. ಹುಮನಾಬಾದ್ ರಸ್ತೆಯ ಬದಿಯಲ್ಲಿ ಮಾರುವವರನ್ನು, ಚೌಕಾಸಿ ಮಾಡುವ ಕಾರಿನವರನ್ನು ಬಿಡಬೇಡಿ. ಬೆಲೆ ಬರೆದ ಹಲಗೆಯೂ ಇರಲಿ. ಇಪ್ಪತ್ತು ವರ್ಷದ ನಂತರ ಎಲ್ಲರೂ ಮೊದಲು ನೋಡುವುದು ಅದನ್ನೇ.

ಮಕ್ಕಳು ತೋಟ ಮುಂದುವರಿಸುವುದಿಲ್ಲ ಎಂದು ಬರೆದಿದ್ದೀರಿ. ಕ್ಯಾಮೆರಾವನ್ನು ಅವರ ಕೈಗೇ ಕೊಡಿ.

ಹಳೆಯ ಚಿತ್ರ ಇಟ್ಟುಕೊಂಡು ಅದೇ ಜಾಗದಲ್ಲಿ ಹೊಸದನ್ನು ತೆಗೆಯುವ ‘ಅಂದು–ಇಂದು’ ಮಾಡಬೇಕೆಂದಿದ್ದೇವೆ. ಕಲಬುರಗಿಯ ಹಳೆಯ ಚಿತ್ರಗಳು ಎಲ್ಲಿ ಸಿಗುತ್ತವೆ? ಕಮಲಾಪುರ ಎಂದು ಹುಡುಕಿದರೆ ಬರೀ ಹಂಪಿ ಬರುತ್ತದೆ.
*– ಗೆಳೆಯರ ಬಳಗ, ಕಮಲಾಪುರ*

ಹಂಪಿ ಪಕ್ಕದ ಕಮಲಾಪುರ ನಿಮ್ಮನ್ನು ಮುಚ್ಚಿಹಾಕಿದೆ, ಆದರೆ ಅದರಿಂದಲೇ ಪಾಠವೂ ಸಿಗುತ್ತದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹ‌ಂಪಿಯನ್ನು ಹಿಡಿದ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಆತ ನಿಂತ ಜಾಗಗಳನ್ನೇ ಹುಡುಕಿ ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಯಾವ ಗೋಪುರ ಬಿತ್ತು, ಯಾವ ಮಂಟಪ ಉಳಿಯಿತು ಎಂದು ತಿಳಿಯಿತು. ಗುಟ್ಟು ಇರುವುದು ನಿಲ್ಲುವ ಜಾಗದಲ್ಲಿ. ಹಳೆಯ ಚಿತ್ರದಲ್ಲಿ ಹತ್ತಿರದ ಕಂಬದ ಅಂಚು ದೂರದ ಗುಮ್ಮಟದ ಯಾವ ಭಾಗವನ್ನು ಮುಟ್ಟುತ್ತದೆ ನೋಡಿ, ಅದು ಕೂಡುವವರೆಗೆ ಹಿಂದೆ ಮುಂದೆ ಸರಿಯಿರಿ. ಜೂಮ್ ಮಾಡಿದರೆ ಕೂಡುವುದಿಲ್ಲ. ನೆರಳು ಕೂಡಬೇಕಾದರೆ ತಿಂಗಳೂ ಗಂಟೆಯೂ ಹೊಂದಬೇಕು.

ಹುಡುಕುವಾಗ ‘ಕಲಬುರಗಿ’ ಎಂದು ಹಾಕಿದರೆ ಸಿಗುವುದು ಕಡಿಮೆ. ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಗುಲಬರ್ಗಾ, ಕುಲ್ಬರ್ಗಾ ಎಂದು ಇಂಗ್ಲಿಷ್‌ನಲ್ಲಿ ಬಗೆಬಗೆಯಾಗಿ ಬರೆದು ನೋಡಿ. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ 1914ರಲ್ಲಿ ಶುರುವಾಯಿತು, ಗುಲಾಮ್ ಯಜ್ದಾನಿ ಅದರ ಮುಖ್ಯಸ್ಥರು. ಆ ಇಲಾಖೆಯ ವಾರ್ಷಿಕ ವರದಿಗಳ ಕಡೆಯ ಪುಟಗಳಲ್ಲಿ ಕಟ್ಟಡಗಳ ಚಿತ್ರಗಳಿವೆ. ನಿಜಾಮರ ಆಸ್ಥಾನದ ಛಾಯಾಗ್ರಾಹಕ ಲಾಲಾ ದೀನ್ ದಯಾಳ್ ಅವರ ಸಂಗ್ರಹಗಳನ್ನೂ ನೋಡಿ. ಇತ್ತೀಚಿನದಕ್ಕೆ, ಹೆಲೆನ್ ಫಿಲಾನ್ ಸಂಪಾದಿಸಿದ ದಖ್ಖನಿನ ಅರಮನೆಗಳ ಪುಸ್ತಕದಲ್ಲಿ ಕ್ಲೇರ್ ಆರ್ನಿ ತೆಗೆದ ಚಿತ್ರಗಳು ಚೆನ್ನಾಗಿವೆ.

ಕಲಬುರಗಿ ಕೋಟೆಯೊಳಗಿನ 1367ರ ಜಾಮಿ ಮಸೀದಿ, ಕೋಟೆಯ ಹೊರಗಿನ ಹಫ್ತ್ ಗುಂಬಜ್ ಇವುಗಳ ಹಳೆಯ ಚಿತ್ರಗಳು ಸುಲಭವಾಗಿ ಸಿಗುತ್ತವೆ. ಮಸೀದಿಗೆ ತೆರೆದ ಅಂಗಳವಿಲ್ಲ, ಇಡಿಯಾಗಿ ಮಾಳಿಗೆ, ಒಳಗೆ ಬೆಳಕು ಕಡಿಮೆ. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಡ್ರೋನ್ ಹಾರಿಸಲು ಹೋಗಲೇಬೇಡಿ. ಆದರೆ ನೀವು ಕಮಲಾಪುರದವರು. ಎಲ್ಲರೂ ತೆಗೆಯುವ ಕೋಟೆಯನ್ನೇ ಯಾಕೆ ತೆಗೆಯಬೇಕು? ನಿಮ್ಮ ಕಡೆಯ ಹೊಳಕುಂದಾದ ಬಹಮನಿ ಕಾಲದ ಗೋರಿಗಳಿಗೆ ಹೋಗಿ. ಹಳೆಯ ಚಿತ್ರ ಸಿಗದಿದ್ದರೆ ‘ಅಂದು’ ಎಂಬುದನ್ನು ನೀವೇ ಮಾಡಿ. ನಿಂತ ಜಾಗವನ್ನು ಮೊಬೈಲ್ ನಕ್ಷೆಯಲ್ಲಿ ಗುರುತಿಸಿ, ತಾರೀಖು, ವೇಳೆ ಬರೆದಿಡಿ. ಮುಂದೆ ಯಾರಾದರೂ ಬಂದು ಅಲ್ಲೇ ನಿಲ್ಲುತ್ತಾರೆ.

ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದಾಗ ಮೊಬೈಲ್ ಕಳವಾಯಿತು. ಮಗಳ ಮೊದಲ ಎರಡು ವರ್ಷದ ಫೋಟೊ ಎಲ್ಲ ಅದರಲ್ಲೇ ಇದ್ದವು. ವಾಪಸ್ ಸಿಗುತ್ತವೆಯೇ?
*– ಕಮಲಾಪುರ ತಾಲ್ಲೂಕು*

ಮೊಬೈಲ್‌ಗೆ ಹಾಕಿದ್ದ ಗೂಗಲ್ ಖಾತೆಯ ಪಾಸ್‌ವರ್ಡ್ ನೆನಪಿದ್ದರೆ ಬೇರೆ ಮೊಬೈಲ್‌ನಲ್ಲಿ ಅದನ್ನು ತೆರೆದು ನೋಡಿ, ಬ್ಯಾಕಪ್ ಆಗಿದ್ದರೆ ಸಿಗುತ್ತವೆ. ಇಲ್ಲದಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ ಯಾರಿಗೆಲ್ಲ ಕಳಿಸಿದ್ದಿರೋ ನೆನಪು ಮಾಡಿಕೊಳ್ಳಿ: ಅಕ್ಕ, ಕಾಕಾ, ಹೆಂಡತಿಯ ತವರುಮನೆ, ಕೆಲಸದ ಗೆಳೆಯರು. ಅವರ ಮೊಬೈಲ್‌ಗಳಲ್ಲಿ ಕೆಲವಾದರೂ ಇರುತ್ತವೆ. ಚಿಕ್ಕದಾಗಿ, ಮಸುಕಾಗಿ ಇದ್ದರೂ ತೆಗೆದುಕೊಳ್ಳಿ.

ಸಿಕ್ಕಷ್ಟನ್ನು ಊರಿಗೆ ಬಂದಾಗ ಪ್ರಿಂಟ್ ಹಾಕಿಸಿ. ಸೂಪರ್ ಮಾರ್ಕೆಟ್ ಸುತ್ತ ಲ್ಯಾಬ್‌ಗಳಿವೆ. ಫೋಟೊ ಕಾಗದದ ಮೇಲೆ ತೊಳೆದುಕೊಡಿ ಎಂದು ಕೇಳಿ, ಸಾದಾ ಕಲರ್ ಝೆರಾಕ್ಸ್ ಬೇಡ. ಹೊಳಪಿನ ಕಾಗದಕ್ಕಿಂತ ಮ್ಯಾಟ್ ವಾಸಿ, ಒಂದಕ್ಕೊಂದು ಅಂಟುವುದು ಕಡಿಮೆ. ಎರಡು ಪ್ರತಿ ಮಾಡಿಸಿ, ಒಂದು ಸೆಟ್ ಊರಿನ ಮನೆಯಲ್ಲಿ, ಇನ್ನೊಂದು ನಿಮ್ಮ ಜೊತೆ. ಹಿಂದೆ ಮಗಳ ಹೆಸರು, ತಾರೀಖು, ಎಲ್ಲಿ ತೆಗೆದದ್ದು ಎಂದು ಬರೆಯಿರಿ. ಕೆಲಸ ನಡೆದ ಕಟ್ಟಡದ ಹೆಸರು ಗೊತ್ತಿದ್ದರೆ ಅದನ್ನೂ ಬರೆಯಿರಿ.